ಒಂದು ನಮೂದು ತಿದ್ದಿದ ಮೇಲೆ ಸರಾಸರಿ ಸರಿಪಡಿಸುವುದು ಹೇಗೆ?

ಉದ್ದನೆಯ ಪಟ್ಟಿಯಲ್ಲಿ ಒಂದೇ ಒಂದು ನಮೂದು ತಪ್ಪಿದ್ದರೆ ಎಲ್ಲವನ್ನೂ ಮೊದಲಿಂದ ಕೂಡಬೇಕಿಲ್ಲ. ಹಳೆಯ ಸರಾಸರಿ, ನಮೂದುಗಳ ಸಂಖ್ಯೆ, ತಪ್ಪಾಗಿ ಬರೆದದ್ದು, ಬರೆಯಬೇಕಿದ್ದದ್ದು ಗೊತ್ತಿದ್ದರೆ ಸಾಕು.

40 ನಮೂದುಗಳ ಸರಾಸರಿ 62.5 ಬಂದಿದೆ ಎನ್ನಿ. ಆಮೇಲೆ ನೋಡಿದರೆ 91 ಇರಬೇಕಾದ ಕಡೆ 19 ಇದೆ. 91ರಲ್ಲಿ 19 ಕಳೆದರೆ 72. ಅದನ್ನು 40ರಿಂದ ಭಾಗಿಸಿದರೆ 1.8. ಹಳೆಯ ಸರಾಸರಿಗೆ ಕೂಡಿಸಿ: 64.3. ತಾಳೆ ನೋಡಲು ಮೊತ್ತ ಹಿಡಿಯಿರಿ: 62.5 × 40 = 2500, ಅದರಲ್ಲಿ 19 ಕಳೆದು 91 ಕೂಡಿಸಿದರೆ 2572, 40ರಿಂದ ಭಾಗಿಸಿದರೆ ಅದೇ 64.3. ತಪ್ಪು ಅಂಕಿಯೇ ದೊಡ್ಡದಾಗಿದ್ದರೆ ವ್ಯತ್ಯಾಸ ಋಣವಾಗುತ್ತದೆ, ಸರಾಸರಿ ಇಳಿಯಬೇಕು. ಅವಸರದಲ್ಲಿ ಚಿಹ್ನೆ ಮರೆತು ಕೂಡಿಸುವವರೇ ಹೆಚ್ಚು. (ಅಂದಹಾಗೆ, ಪಕ್ಕಪಕ್ಕದ ಎರಡು ಅಂಕೆ ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. ಮೊತ್ತ ತಾಳೆಯಾಗದೆ 72ರಷ್ಟೋ 27ರಷ್ಟೋ ಕಡಿಮೆ ಬಿದ್ದರೆ ಮೊದಲು ಇದನ್ನೇ ಹುಡುಕಿ.)

ಒಂದೇ ನಮೂದು ಎರಡು ಸಲ ಸೇರಿದ್ದರೆ ಲೆಕ್ಕ ಬೇರೆ, ಏಕೆಂದರೆ ಭಾಜಕವೂ ಬದಲಾಗುತ್ತದೆ. ಅದೇ 40ರಲ್ಲಿ 43 ಎರಡು ಬಾರಿ ಬಂದಿದ್ದರೆ 2500 − 43 = 2457, ಇದನ್ನು 39ರಿಂದ ಭಾಗಿಸಿ: 63. ಬಿಟ್ಟುಹೋದದ್ದನ್ನು ಸೇರಿಸುವಾಗ 41ರಿಂದ.

ಕೈಯಲ್ಲಿರುವ 62.5 ದುಂಡಾಗಿಸಿದ್ದಾದರೆ ನಿಜವಾದ ಮೊತ್ತ 2498ರಿಂದ 2502ರ ನಡುವೆ ಎಲ್ಲಿಯಾದರೂ ಇರಬಹುದು. ಹೊಸ ಸರಾಸರಿಯ ಕೊನೆಯ ದಶಮಾಂಶವನ್ನು ನಂಬುವಂತಿಲ್ಲ. ಮೂಲ ಮೊತ್ತ ಸಿಕ್ಕರೆ ಅದನ್ನೇ ಬಳಸಿ.

ಎಕ್ಸೆಲ್‌ನಲ್ಲಿ ಸೆಲ್ ತಿದ್ದಿದರೆ ಸರಾಸರಿ ತಾನಾಗಿ ಬದಲಾಗಬೇಕು. ಆಗದಿದ್ದರೆ ಲೆಕ್ಕಾಚಾರ ಮ್ಯಾನುಯಲ್‌ನಲ್ಲಿದೆಯೇ ನೋಡಿ, ಎಫ್9 ಒತ್ತಿ. ಇದಕ್ಕಿಂತ ಕಣ್ಣಿಗೆ ಬೀಳದ ತೊಂದರೆ ಇನ್ನೊಂದಿದೆ: ತಿದ್ದಿದ ಅಂಕಿ ಪಠ್ಯವಾಗಿ ಕುಳಿತರೆ ಆವರೇಜ್ ಫಾರ್ಮುಲಾ ಅದನ್ನು ಬಿಟ್ಟುಬಿಟ್ಟು ಉಳಿದ 39ಕ್ಕೆ ಮಾತ್ರ ಸರಾಸರಿ ತೆಗೆಯುತ್ತದೆ, ದೋಷದ ಸಂದೇಶವನ್ನೂ ಕೊಡುವುದಿಲ್ಲ. ಕೌಂಟ್ ಫಾರ್ಮುಲಾ 40 ತೋರಿಸುತ್ತದೆಯೇ ಎಂದು ಪರೀಕ್ಷಿಸಿ. ಖಾಲಿ ಸೆಲ್ ಲೆಕ್ಕಕ್ಕೆ ಬರುವುದಿಲ್ಲ, ಸೊನ್ನೆ ಇರುವ ಸೆಲ್ ಲೆಕ್ಕಕ್ಕೆ ಬರುತ್ತದೆ. ಗೊತ್ತಿಲ್ಲದ ಅಂಕಿಯ ಜಾಗದಲ್ಲಿ ಸೊನ್ನೆ ತುಂಬಬೇಡಿ.

ಈ 40 ದೊಡ್ಡ ಪಟ್ಟಿಯೊಂದರ ಭಾಗವಾಗಿದ್ದರೆ ಆ ದೊಡ್ಡ ಪಟ್ಟಿಯ ಸರಾಸರಿಯನ್ನೂ ತಿದ್ದಬೇಕು. ಒಟ್ಟು 200 ನಮೂದುಗಳಿದ್ದರೆ ಅಲ್ಲಿ ಏರುವುದು 72 ÷ 200 = 0.36 ಮಾತ್ರ.