ಗುಜರಿ ಡಬ್ಬದಲ್ಲಿ 105 ಇಂಚಿನ ಸಿನಿಮಾ: ನನ್ನ ಅನುಭವ

ಹೋದ ಭಾನುವಾರ ಭಾವ ನಮ್ಮ ಮೇಲಿನ ರೂಮಿನಲ್ಲಿ, ಹಳೇ ಕಂಪ್ಯೂಟರ್, ಹಳೇ ಪ್ರೊಜೆಕ್ಟರ್ ಜೋಡಿಸಿ ನಾನು ಮಾಡಿಕೊಂಡ ಮನೆ ಟಾಕೀಸಿನಲ್ಲಿ ಕೂತು ಎರಡೂವರೆ ಗಂಟೆ ಸಿನಿಮಾ ನೋಡಿದರು. ಒಂದು ಸಲವೂ ಫೋನ್ ಕೈಗೆತ್ತಿಕೊಳ್ಳಲಿಲ್ಲ. ಅಕ್ಕ ತಂದಿಟ್ಟ ಕಾಫಿ ಲೋಟದಲ್ಲೇ ಆರಿ ಕೆನೆ ಕಟ್ಟಿತು. ಮೂರು ವರ್ಷದ ಹಿಂದೆ ಇದೇ ಭಾವ, "ಆ ಗುಜರಿ ಡಬ್ಬಕ್ಕೆ ಯಾಕ್ಲಾ ದುಡ್ಡು ಸುರೀತೀಯ? ಅದೇ ದುಡ್ಡಿಗೆ 55 ಇಂಚಿನ ಟಿವಿ ಬತ್ತದೆ" ಅಂದಿದ್ದರು. ಮಂಡ್ಯದಲ್ಲಿ ನನ್ನ ಹಾಗೆ ಹಳೇ ಮಾಲು ಬಿಚ್ಚಿ ಜೋಡಿಸುವ ಗೆಳೆಯರೂ ಅವರ ಪರವೇ. "ನಾಲ್ಕನೇ ಜನರೇಷನ್ ಐ5 ಸತ್ತು ಎಷ್ಟು ವರ್ಷ ಆಯ್ತು, ಅದ್ರಲ್ಲಿ ಫೋರ್‌ಕೆ ಓಡಿಸ್ತೀಯಾ?" ಅಂತ ಒಬ್ಬ ಕೇಳಿದ್ದ. ಐ5 ಅಂದರೆ ನನ್ನ ಕಂಪ್ಯೂಟರಿನ ಹಳೇ ಇಂಟೆಲ್ ಪ್ರೊಸೆಸರ್, ಫೋರ್‌ಕೆ ಅಂದರೆ ತುಂಬ ಸೂಕ್ಷ್ಮವಾದ, ಭಾರದ ವಿಡಿಯೊ. ಓಡಿಸಿದ್ದೇನೆ. ಹೇಗೆ ಅಂತ ಬರೆಯುತ್ತಿದ್ದೇನೆ.

ಮೊದಲು ಕಳೆದುಕೊಂಡ ದುಡ್ಡಿನ ಕತೆ. ಎಲ್ಲರ ಹಾಗೆ ನಾನೂ ಮೊದಲು ತಂದದ್ದು ಆನ್‌ಲೈನ್‌ನಲ್ಲಿ ಸಿಗುವ ಚಿಕ್ಕ ಎಲ್‌ಇಡಿ ಪ್ರೊಜೆಕ್ಟರ್. ಎಂಟೂವರೆ ಸಾವಿರ. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ '1080ಪಿ ಸಪೋರ್ಟ್' ಅಂತ ಇತ್ತು. ಆ 'ಸಪೋರ್ಟ್' ಅನ್ನುವ ಪದದಲ್ಲೇ ಮೋಸ ಇರುವುದು. 1080ಪಿ, ಅಂದರೆ 1920 ಗುಣಿಸು 1080 ಚುಕ್ಕಿಯ ಸಿಗ್ನಲ್ ಒಳಗೆ ತಗೊಳ್ಳುತ್ತದೆ, ಗೋಡೆಗೆ ಬಿಡುವುದು 800 ಗುಣಿಸು 480 ಚುಕ್ಕಿ ಮಾತ್ರ. ಸಬ್‌ಟೈಟಲ್‌ನ ಅಕ್ಷರಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿದ್ದವು. ಮೂರು ತಿಂಗಳಿಗೆ ಮೂರು ಸಾವಿರಕ್ಕೆ ಮಾರಿದೆ. ಕೊಳ್ಳುವಾಗ ನೇಟಿವ್ ರೆಸಲ್ಯೂಷನ್ (ಗೋಡೆಗೆ ನಿಜವಾಗಿ ಬಿಡುವ ಚುಕ್ಕಿ) ಎಷ್ಟು ಅಂತ ಅದೇ ಪದ ಹಾಕಿ ಕೇಳಿ. ಉತ್ತರ ಕೊಡದಿದ್ದರೆ ಎದ್ದು ಬನ್ನಿ.

ಕಂಪ್ಯೂಟರ್ ತಂದದ್ದು ಬೆಂಗಳೂರಿನ ಎಸ್‌ಪಿ ರೋಡಿನಿಂದ. ಕಂಪನಿಗಳಿಂದ ಒಟ್ಟಿಗೆ ಹೊರಬೀಳುತ್ತವಲ್ಲ, ಆ ತೆಳ್ಳಗಿನ ಆಫೀಸ್ ಡಬ್ಬ. ಐ5-4570, 8 ಜಿಬಿ ರ‍್ಯಾಮ್, ಡಿಸ್ಕ್ ಇಲ್ಲ. ಐದೂವರೆ ಸಾವಿರ. ಗೋಣಿಚೀಲದಲ್ಲಿ ಸುತ್ತಿ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಮನೆಗೆ ಬಂದು ಬಿಚ್ಚಿದರೆ ಒಳಗೆ ಒಂದು ಬೆರಳು ದಪ್ಪ ಧೂಳು. ತಳದಲ್ಲಿ ಏಳೆಂಟು ಸ್ಟೇಪಲ್ ಪಿನ್ನು. ಒಂದು ಪಿನ್ನು ಮದರ್‌ಬೋರ್ಡಿನ ಅಂಚಿಗೆ ತಾಗಿಕೊಂಡೇ ಇತ್ತು. ಪವರ್ ಕೊಡುವ ಮೊದಲು ಮುಚ್ಚಳ ತೆಗೆಯುವ ಅಭ್ಯಾಸ ಇದ್ದದ್ದಕ್ಕೆ ಬೋರ್ಡು ಉಳಿಯಿತು. ಪಂಚರ್ ಅಂಗಡಿಗೆ ಹೊತ್ತುಕೊಂಡು ಹೋಗಿ ಗಾಳಿ ಹೊಡೆಸಿದೆ. ಹೊಡೆಸುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದಿರಬೇಕು, ಸುಮ್ನೆ ತಿರುಗಲು ಬಿಟ್ಟರೆ ಬೇರಿಂಗ್ ಹೋಗುತ್ತದೆ. ಪೈಪಿನಲ್ಲಿ ನೀರಿನ ಹನಿ ಇರುತ್ತದೆ, ಮೊದಲು ನೆಲಕ್ಕೆ ಎರಡು ಸಲ ಹೊಡೆಸಿ. ಪ್ರೊಸೆಸರ್ ಮೇಲಿನ, ಶಾಖ ಸಾಗಿಸುವ ಹಳೇ ಪೇಸ್ಟ್ ಒಣಗಿದ ಸುಣ್ಣದ ಹಾಗೆ ಉದುರಿತು. ಹೊಸ ಪೇಸ್ಟ್ ಹಾಕಿದ ಮೇಲೆ 90 ಡಿಗ್ರಿ ದಾಟುತ್ತಿದ್ದದ್ದು 65ರ ಆಸುಪಾಸಿಗೆ ಬಂತು. ಎಸ್‌ಎಸ್‌ಡಿಗೆ 1,800, ಇನ್ನೊಂದು 8 ಜಿಬಿ ರ‍್ಯಾಮಿಗೆ 900 ಕೊಟ್ಟ ನೆನಪು.

ಪರೀಕ್ಷೆಗೆ ಇಟ್ಟದ್ದು ತಮ್ಮನ ಮದುವೆಯ ವಿಡಿಯೊ. ಫೋರ್‌ಕೆ, 10 ಬಿಟ್ ಎಚ್‌ಇವಿಸಿ, ಅಂದರೆ ಬಣ್ಣದ ಛಾಯೆ ಜಾಸ್ತಿ ಇರುವ, ಬಿಗಿಯಾಗಿ ಕುಗ್ಗಿಸಿಟ್ಟ ವಿಡಿಯೊ. ಧಾರೆಯ ಹೊತ್ತಿಗೆ ಎಲ್ಲರೂ ಅಕ್ಷತೆ ಎಸೆದಾಗ ಚಿತ್ರ ನಿಂತೇ ಹೋಯಿತು. ಸಾವಿರಾರು ಕಾಳು ಒಟ್ಟಿಗೆ ಚಲಿಸುವ ದೃಶ್ಯ ಡಿಕೋಡರ್‌ಗೆ, ಅಂದರೆ ಕುಗ್ಗಿಸಿದ್ದನ್ನು ಬಿಚ್ಚುವ ಭಾಗಕ್ಕೆ, ಅಷ್ಟು ಭಾರ. ಪ್ರೊಸೆಸರ್ ನೂರಕ್ಕೆ ನೂರು ಬಳಕೆಯಲ್ಲಿತ್ತು. ನಾಲ್ಕನೇ ಜನರೇಷನ್ನಿನ ಒಳಗಿನ ಗ್ರಾಫಿಕ್ಸ್‌ಗೆ ಎಚ್‌ಇವಿಸಿ ಬರುವುದಿಲ್ಲ. 10 ಬಿಟ್ ಎಚ್‌ಇವಿಸಿ ಸರಿಯಾಗಿ ಬಂದದ್ದು ಏಳನೇ ಜನರೇಷನ್ನಿಗೆ. ಗೆಳೆಯ ಹೇಳಿದ್ದು ಇಲ್ಲಿವರೆಗೆ ನಿಜ. ಅವನು ಬಿಟ್ಟಿದ್ದು ಒಂದೇ ಮಾತು: ಡಿಕೋಡ್ ಮಾಡುವ ಕೆಲಸ ಪ್ರೊಸೆಸರ್‌ದೇ ಆಗಬೇಕಿಲ್ಲ.

ಆ ಕೆಲಸಕ್ಕೆ ಎನ್‌ವಿಡಿಯಾದ ಜಿಟಿ 1030 ಗ್ರಾಫಿಕ್ಸ್ ಕಾರ್ಡ್ ಹುಡುಕಿದೆ. 2017ರದ್ದು. 30 ವ್ಯಾಟ್ ಸಾಕು, ಬೇರೆ ಪವರ್ ಕೇಬಲ್ ಬೇಡ, ಡಬ್ಬದ 240 ವ್ಯಾಟ್ ಸಪ್ಲೈ ಆರಾಮಾಗಿ ತಡೆಯುತ್ತದೆ. ಆದರೆ ಇಲ್ಲೂ ಒಂದು ಸಲ ಎಡವಿದೆ. ಇದೇ ಹೆಸರಿನಲ್ಲಿ ಎರಡು ಕಾರ್ಡ್ ಇವೆ. ಒಂದಕ್ಕೆ ಜಿಡಿಡಿಆರ್5 ಮೆಮೊರಿ, ಆಮೇಲೆ ಬಂದ ಇನ್ನೊಂದಕ್ಕೆ ಡಿಡಿಆರ್4. ಮೊದಲನೆಯದರ ಮೆಮೊರಿ ಸೆಕೆಂಡಿಗೆ 48 ಜಿಬಿ ಸಾಗಿಸಿದರೆ ಎರಡನೆಯದು 17 ಜಿಬಿಯೂ ಇಲ್ಲ. ಅಂಗಡಿಯವನು ಎರಡನೆಯದನ್ನೇ ಕೊಟ್ಟ, 3,800 ತಗೊಂಡ. ಅಕ್ಷತೆ ಸರಾಗವಾಗಿ ಬಿತ್ತು, ಅಷ್ಟರ ಮಟ್ಟಿಗೆ ಗೆದ್ದೆ. ಎಚ್‌ಡಿಆರ್, ಅಂದರೆ ಬೆಳಕು ಕತ್ತಲಿನ ಅಂತರ ಜಾಸ್ತಿ ಇರುವ ಚಿತ್ರವನ್ನು ಸಾಮಾನ್ಯ ಪ್ರೊಜೆಕ್ಟರ್‌ಗೆ ಇಳಿಸುವ ಕೆಲಸ ಕೊಟ್ಟ ತಕ್ಷಣ ಮುಗ್ಗರಿಸಿತು. 1,200 ನಷ್ಟ ಮಾಡಿಕೊಂಡು ಜಿಡಿಡಿಆರ್5 ಕಾರ್ಡಿಗೆ ಬದಲಾಯಿಸಿದೆ. ತೆಳ್ಳಗಿನ ಡಬ್ಬಕ್ಕೆ ಗಿಡ್ಡ ಬ್ರ್ಯಾಕೆಟ್ ಬೇಕು, ಸೆಕೆಂಡ್‌ಹ್ಯಾಂಡ್ ಕಾರ್ಡಿನ ಜೊತೆ ಅದನ್ನೂ ಕೇಳಿ ಇಸ್ಕೊಳ್ಳಿ. ಈ ಕಾರ್ಡಿಗೆ ಎವಿ1 ಅನ್ನುವ ಹೊಸ ಬಗೆಯ ವಿಡಿಯೊ ಬಿಚ್ಚಲು ಬರುವುದಿಲ್ಲ. ಹಾಗಾಗಿ ಬ್ರೌಸರ್‌ನಲ್ಲಿ ಎವಿ1 ಆಫ್ ಮಾಡಿಟ್ಟಿದ್ದೇನೆ. ಆಗ ಯೂಟ್ಯೂಬ್ ಅದಕ್ಕಿಂತ ಹಳೇ ಬಗೆಯಾದ ವಿಪಿ9 ಕಳಿಸುತ್ತದೆ, ಟ್ರೈಲರ್‌ಗಳು ಬೆಣ್ಣೆಯ ಹಾಗೆ ಓಡುತ್ತವೆ.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ಮುಗಿಯಿತು. ವಿಂಡೋಸ್ 11 ಈ ಮೆಷಿನ್ನನ್ನು ಒಪ್ಪುವುದಿಲ್ಲ. ನಾನು ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಹಾಕಿ, ಮೇಲೆ ಸಿನಿಮಾ ಓಡಿಸುವ ಕೋಡಿ ಆಪ್ ಕೂರಿಸಿದೆ. ನಾನು ನೋಡಿದಾಗ ಲಿನಕ್ಸ್ ಬ್ರೌಸರ್‌ನಲ್ಲಿ ನೆಟ್‌ಫ್ಲಿಕ್ಸ್ 720ಪಿಗೆ ನಿಲ್ಲುತ್ತಿತ್ತು, ಆದ್ದರಿಂದ ಓಟಿಟಿಗೆ ಮಾತ್ರ ಒಂದು ಫೈರ್ ಟಿವಿ ಸ್ಟಿಕ್ ತಂದು ರಿಸೀವರ್‌ಗೆ (ಸ್ಪೀಕರ್‌ಗಳನ್ನು ಓಡಿಸುವ ಡಬ್ಬಕ್ಕೆ) ಸಿಕ್ಕಿಸಿದ್ದೇನೆ. ಡಿಸ್ಕು, ಮನೆಯ ವಿಡಿಯೊ, ಟ್ರೈಲರ್ ಎಲ್ಲ ಕಂಪ್ಯೂಟರ್‌ನಲ್ಲಿ.

ಇನ್ನು ನಾನು ತುಂಬ ಇಷ್ಟಪಡುವ ವಿಷಯ. ಸಿನಿಮಾ ಸೆಕೆಂಡಿಗೆ 24 ಫ್ರೇಮ್. ನಮ್ಮ ಪ್ರೊಜೆಕ್ಟರ್ 60 ಹರ್ಟ್ಸ್‌ನಲ್ಲಿದ್ದರೆ, ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಬಿಡುತ್ತಿದ್ದರೆ, ಒಂದು ಫ್ರೇಮ್ ಎರಡು ಸಲ, ಮುಂದಿನದು ಮೂರು ಸಲ, ಹೀಗೆ ಬೀಳುತ್ತದೆ. ಕ್ಯಾಮೆರಾ ನಿಧಾನವಾಗಿ ಗದ್ದೆಯ ಮೇಲೆ ಸರಿಯುವಾಗ ಬದುವಿನ ತೆಂಗಿನ ಮರಗಳು ಕುಂಟುತ್ತಾ ಹೋಗುತ್ತವಲ್ಲ, ಅದಕ್ಕೆ ಇದೇ ಕಾರಣ. ಜಾಸ್ತಿ ದುಡ್ಡಿನ ಟಿವಿ ತಂದವರೂ ಇದನ್ನು ನೋಡಿಕೊಂಡೇ ಇರುತ್ತಾರೆ. ಕೋಡಿಯಲ್ಲಿ ರಿಫ್ರೆಶ್ ರೇಟ್ ಹೊಂದಿಸುವ ಆಯ್ಕೆ ಇದೆ, ಸಿನಿಮಾ ಶುರುವಾದಾಗ ತಾನೇ 24ಕ್ಕೆ ಇಳಿಯುತ್ತದೆ. ಸ್ಟಿಕ್‌ನಲ್ಲೂ ಅಂಥ ಸೆಟ್ಟಿಂಗ್ ಇದೆ, ಆದರೆ ಕೆಲವು ಆಪ್‌ಗಳು ಅದರ ಮಾತು ಕೇಳುವುದಿಲ್ಲ. ಒಂದು ರೂಪಾಯಿ ಖರ್ಚಿಲ್ಲದ ಈ ಬದಲಾವಣೆಯನ್ನು ಭಾವನ ಕಣ್ಣೂ ಗುರುತಿಸಿತು. "ಈಗ ಥೇಟ್ ಟಾಕೀಸ್ ಥರ ಅದೆ" ಅಂದರು.

ಪ್ರೊಜೆಕ್ಟರ್ ಮೈಸೂರಿನಲ್ಲಿ ಮುಚ್ಚಿದ ಒಂದು ಟ್ಯೂಷನ್ ಸೆಂಟರ್‌ನದು. ಡಿಎಲ್‌ಪಿ (ಪುಟ್ಟ ಕನ್ನಡಿಗಳ ಚಿಪ್‌ನಿಂದ ಚಿತ್ರ ಬಿಡುವ ಬಗೆ), ನಿಜವಾದ 1080ಪಿ, 18 ಸಾವಿರ. ಮೆನುವಿನಲ್ಲಿ ಲ್ಯಾಂಪ್ 1,900 ಗಂಟೆ ಓಡಿದೆ ಅಂತ ತೋರಿಸಿತು. ಆ ಲೆಕ್ಕವನ್ನು ರೀಸೆಟ್ ಮಾಡಿ ಮಾರುವವರು ಬೇಕಾದಷ್ಟು ಜನ. ರೀಸೆಟ್ ಆಗಿದೆಯಾ ಅಂತ ಎರಡು ನಿಮಿಷದಲ್ಲಿ ಹಿಡಿಯುವ ದಾರಿ ನನ್ನ ಹತ್ತಿರ ಇದೆ. ಇಲ್ಲಿ ಬರೆಯುವುದಿಲ್ಲ, ಮಾರುವವರೂ ಓದುತ್ತಾರೆ.

ಆ ಲ್ಯಾಂಪ್ ಐದನೇ ತಿಂಗಳಿಗೆ ಹೋಯಿತು. ತಪ್ಪು ನನ್ನದೇ. ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟ್ ಹೇಳದೆ ಕೇಳದೆ ಹೋಗುತ್ತದೆ. ಲ್ಯಾಂಪ್ ಕೆಂಡದ ಹಾಗೆ ಕಾದಿರುವಾಗ ಫ್ಯಾನ್ ನಿಂತರೆ ಗಾಜು ತಡೆಯುವುದಿಲ್ಲ. ಟಪ್ ಅಂತ ಒಂದು ಸದ್ದು, ಆಮೇಲೆ ಕತ್ತಲು. 4,500 ಕೊಟ್ಟು ಹೊಸ ಲ್ಯಾಂಪ್, ಜೊತೆಗೆ ಐದು ಸಾವಿರಕ್ಕೆ 1 ಕೆವಿಎ ಯುಪಿಎಸ್. ಈಗ ಕರೆಂಟ್ ಹೋದರೆ ಪ್ರೊಜೆಕ್ಟರ್ ಆಫ್ ಒತ್ತಿ ಫ್ಯಾನ್ ತಾನಾಗಿ ನಿಲ್ಲುವವರೆಗೆ ಕಾಯುತ್ತೇನೆ. ಯುಪಿಎಸ್ ಇಲ್ಲದೆ ಲ್ಯಾಂಪ್ ಪ್ರೊಜೆಕ್ಟರ್ ಮುಟ್ಟಬೇಡಿ. ಇನ್ನೊಂದು ಮಾತು, ಡಿಎಲ್‌ಪಿಯಲ್ಲಿ ಬಣ್ಣದ ಚಕ್ರ ತಿರುಗುವುದರಿಂದ ಕೆಲವರ ಕಣ್ಣಿಗೆ ಬಿಳಿ ಅಕ್ಷರದ ಅಂಚಿನಲ್ಲಿ ಕಾಮನಬಿಲ್ಲು ಮಿಂಚುತ್ತದೆ. ನನಗೆ ಕಾಣಲ್ಲ, ಅಕ್ಕನಿಗೆ ಕಾಣುತ್ತದೆ. ಮನೆಯವರನ್ನು ಕರೆದುಕೊಂಡು ಹೋಗಿ ತೋರಿಸಿಯೇ ತನ್ನಿ.

ಪರದೆಗೆ ದುಡ್ಡು ಹಾಕಲಿಲ್ಲ. ಗೋಡೆಯೇ ಪರದೆ. ಪ್ರೊಜೆಕ್ಟರ್ ಗೋಡೆಯಿಂದ ಹನ್ನೊಂದೂವರೆ ಅಡಿ ದೂರ. ಥ್ರೋ ರೇಷಿಯೊ, ಅಂದರೆ ದೂರ ಚಿತ್ರದ ಅಗಲದ ಎಷ್ಟು ಪಟ್ಟು ಅನ್ನುವುದು, 1.5, ಹಾಗಾಗಿ ಚಿತ್ರದ ಅಗಲ ಏಳೂಮುಕ್ಕಾಲು ಅಡಿಯ ಹತ್ತಿರ, ಮೂಲೆಯಿಂದ ಮೂಲೆಗೆ 105 ಇಂಚು. ಮೊದಲು ಹೊಳಪಿನ ಎಮಲ್ಷನ್ ಬಳಿದಿದ್ದೆ. ನಡುವೆ ದೀಪದ ಉಂಡೆ ಕಂಡಿತು. ಕೆರೆಸಿ, ಪುಟ್ಟಿ ಹಾಕಿ, ಎರಡು ದಿನ ಮರಳು ಕಾಗದದಲ್ಲಿ ಉಜ್ಜಿ ಮ್ಯಾಟ್ ಬಳಿದೆ. ಬಿಳಿಗೆ ಎಷ್ಟು ಬೂದು ಸೇರಿಸಿದೆ ಅನ್ನುವ ಅಳತೆ ಐದು ಸಲ ಬಳಿದು ಸಿಕ್ಕಿದ್ದು, ಅದು ನನ್ನ ಹತ್ತಿರವೇ ಇರಲಿ. ಅದಕ್ಕಿಂತ ಮುಖ್ಯವಾದದ್ದು ಹೇಳುತ್ತೇನೆ. ಪರದೆಯ ಸುತ್ತ ಇರುವ ಗೋಡೆ ಮತ್ತು ಚಾವಣಿಯನ್ನು ಕಪ್ಪು ಮಾಡಿ. ಬಿಳಿ ಚಾವಣಿ ಇದ್ದರೆ ಪರದೆಯ ಬೆಳಕು ಅಲ್ಲಿಗೆ ಹೋಗಿ ಮತ್ತೆ ಪರದೆಗೇ ಬೀಳುತ್ತದೆ, ಕಪ್ಪು ಬೂದಿಯಾಗುತ್ತದೆ. ನಾನು ಏಣಿ ಹತ್ತಿ ಬಳಿಯುವಾಗ ಅವ್ವ ಬಾಗಿಲಲ್ಲಿ ನಿಂತು, "ಬಾಳೋ ಮನೆಗೆ ಮಸಿ ಬಳೀತಾವ್ನಲ್ಲಪ್ಪ" ಅಂತ ನೊಂದುಕೊಂಡಳು. ಮೇಲಿನ ರೂಮು ಮಾತ್ರ ಅಂತ ಒಪ್ಪಿಸಿದೆ.

2018ರ ಕೆಜಿಎಫ್ ನನ್ನ ಕಪ್ಪಿನ ಪರೀಕ್ಷೆ. ಗಣಿಯ ಒಳಗಿನ ದೃಶ್ಯಗಳಲ್ಲಿ ಮುಖ, ಮಸಿ, ಕತ್ತಲು ಮೂರೂ ಬೇರೆ ಬೇರೆ ಕಾಣಬೇಕು. ಚಾವಣಿ ಬಿಳಿ ಇದ್ದಾಗ ಮೂರೂ ಒಂದೇ ಮಂಜು. ಬಳಿದ ಮೇಲೆ ಕೆನ್ನೆಯ ಮೇಲಿನ ಬೆವರಿನ ಗೆರೆಯೂ ಕಂಡಿತು. ಅಗಲದ ಸಿನಿಮಾಗಳಲ್ಲಿ ಮೇಲೆ ಕೆಳಗೆ ಆರೂವರೆ ಇಂಚಿನಷ್ಟು ಖಾಲಿ ಪಟ್ಟಿ ಬರುತ್ತದಲ್ಲ, ಅದಕ್ಕೆ ಕರ್ಟನ್ ಕಂಬಿಗೆ ಕಪ್ಪು ಮಖಮಲ್ ಬಟ್ಟೆ ಇಳಿಬಿಟ್ಟಿದ್ದೇನೆ. ಬಣ್ಣ, ಬಟ್ಟೆ ಎಲ್ಲ ಸೇರಿ ಮೂರು ಸಾವಿರ. ಇಡೀ ಕೆಲಸದಲ್ಲಿ ಅತ್ಯಂತ ಲಾಭದ ಖರ್ಚು ಇದೇ. ಹೊಸ ಸಿನಿಮಾಗಳು ಕತ್ತಲು ಜಾಸ್ತಿ ಅಂತ ಜನ ಬೈಯುತ್ತಾರೆ. ಅರ್ಧ ತಪ್ಪು ನಮ್ಮ ರೂಮಿನ ಟ್ಯೂಬ್‌ಲೈಟಿನದು.

ಹಾಗೇ, ಮಾತು ಕೇಳಿಸಲ್ಲ ಅನ್ನುವ ದೂರು. ಐದು ಸ್ಪೀಕರ್, ಒಂದು ಸಬ್‌ವೂಫರ್ (ತಗ್ಗು ಸ್ವರದ ಸ್ಪೀಕರ್) ಇರುವ 5.1ರಲ್ಲಿ ಮಾತು ಬಹುಪಾಲು ನಡುವಿನ ಸ್ಪೀಕರ್‌ನಿಂದ ಬರುತ್ತದೆ. ಆ ಸ್ಪೀಕರ್ ಇಲ್ಲದೆ ಎರಡರಲ್ಲೇ ಕೇಳಿದರೆ ಮಾತಿನ ಮೇಲೆ ಸಂಗೀತ ಕೂರುತ್ತದೆ. ಹಳೇ ರಿಸೀವರ್ ಒಂಬತ್ತು ಸಾವಿರ, ಐದು ಸ್ಪೀಕರ್ ಮತ್ತು ಸಬ್‌ವೂಫರ್ ಸೇರಿ ಹನ್ನೊಂದು. ಇಷ್ಟಾದರೂ ಎರಡು ತಿಂಗಳು ಮಿಂಟ್ ಸ್ಟೀರಿಯೊ ಮಾತ್ರ ಕಳಿಸುತ್ತಿತ್ತು. ಹಿಂದಿನ ಸ್ಪೀಕರ್‌ಗೆ ಕಿವಿ ಇಟ್ಟಾಗ ಗೊತ್ತಾಯಿತು. ಸೌಂಡ್ ಸೆಟ್ಟಿಂಗ್‌ನಲ್ಲಿ ಎಚ್‌ಡಿಎಂಐ ಸರೌಂಡ್ 5.1 ಅಂತ ನಾವೇ ಆರಿಸಬೇಕು. ನಡುವಿನ ಸ್ಪೀಕರ್ ಮೂರು ಡೆಸಿಬೆಲ್ ಏರಿಸಿದೆ. ಅವ್ವ "ಏನಂದ?" ಅಂತ ಕೇಳುವುದು ನಿಂತಿತು.

ಒಟ್ಟು 75 ಸಾವಿರದ ಹತ್ತಿರ, ಮೂರು ವರ್ಷದಲ್ಲಿ. ಅದರಲ್ಲಿ ಹನ್ನೊಂದು ಸಾವಿರ ಚಿಲ್ಲರೆ ಕೈಬಿಟ್ಟು ಹೋದದ್ದು. ನೇರವಾಗಿ ಹೋಗಿದ್ದರೆ 64 ಸಾವಿರದ ಸುತ್ತ ಮುಗಿಯುತ್ತಿತ್ತು. ಹೊಸ ಕನ್ನಡ ಸಿನಿಮಾವನ್ನು ಈಗಲೂ ಮೊದಲು ಟಾಕೀಸಿನಲ್ಲೇ ನೋಡುತ್ತೇನೆ. ಅದೇ ಸಿನಿಮಾ ಓಟಿಟಿಗೆ ಬಂದ ದಿನ ಮೇಲಿನ ರೂಮಿನಲ್ಲಿ ಮತ್ತೆ. ಎರಡೂ ನೆನಪು ಹಸಿಯಾಗಿದ್ದರೆ ಎಲ್ಲಿ ಕೊರತೆ ಅಂತ ಕಿವಿಗೆ, ಕಣ್ಣಿಗೆ ತಾನೇ ತಿಳಿಯುತ್ತದೆ.

ಕೊನೆಗೆ ಭತ್ತದ ವಿಷಯ. ಸಬ್‌ವೂಫರ್ ಇಟ್ಟ ಮೂಲೆಯಲ್ಲಿ ದಡ್ ದಡ್ ಅಂತ ಒಂದೇ ಸ್ವರ ಗುಯ್‌ಗುಡುತ್ತಿತ್ತು. ಚಿಕ್ಕ ರೂಮಿನ ಮೂಲೆಯಲ್ಲಿ ತಗ್ಗು ಸ್ವರ ಒಟ್ಟುಗೂಡುತ್ತದೆ, ಗೊತ್ತಿರುವುದೇ. ಅದನ್ನು ಹೀರುವ ಪ್ಯಾನೆಲ್ ಕೇಳಿದರೆ ಒಂದಕ್ಕೇ ಆರು ಸಾವಿರ ಅಂದರು. ಹೋದ ವರ್ಷ ಜನವರಿಯಲ್ಲಿ ಭತ್ತ ಮನೆಗೆ ಬಂದಾಗ ಕೆಳಗೆ ಜಾಗ ಇಲ್ಲದೆ ನಾಲ್ಕು ಮೂಟೆ ಮೇಲೆ ತಂದು ಆ ಮೂಲೆಯಲ್ಲೇ ಪೇರಿಸಿದೆವು. ಅಂದು ರಾತ್ರಿ 2022ರ ಕಾಂತಾರ ಹಾಕಿದ್ದೆ. ಕೊನೆಯ ದೈವದ ಕೂಗಿಗೆ ಕಿಟಕಿ ಗಾಜು ಅದುರಲಿಲ್ಲ, ಕೂಗು ಮಾತ್ರ ಎದೆಗೆ ಬಂತು. ಎದ್ದು ಹೋಗಿ ಮೂಟೆ ಮುಟ್ಟಿ ನೋಡಿದೆ, ಗೋಣಿ ಕೈಯೊಳಗೆ ಸಣ್ಣಗೆ ನಡುಗುತ್ತಿತ್ತು. ಎರಡು ಮೂಟೆ ತೆಗೆದು ಕೇಳಿದೆ, ಗುಯ್‌ ವಾಪಸ್ ಬಂತು. ಮತ್ತೆ ಇಟ್ಟೆ, ಹೋಯಿತು. ಮೂರು ರಾತ್ರಿ ಇದೇ ಕೆಲಸ. ಇಲಿ ಬರದಂತೆ ಕೆಳಗೆ ಹಲಗೆ, ಸುತ್ತ ಜಾಲರಿ ಹಾಕಿದ್ದೆ.

ಮಾರ್ಚಿನಲ್ಲಿ ಭತ್ತ ಮಾರಿದರು. ನಾನು ನಾಲ್ಕು ಮೂಟೆ ಬಿಡಿ ಅಂತ ಕೇಳಿದೆ, ಅಪ್ಪ ಎರಡಕ್ಕೆ ಒಪ್ಪಿದರು. ಉಳಿದ ಜಾಗಕ್ಕೆ ಹಳೇ ತೆಂಗಿನ ನಾರಿನ ಹಾಸಿಗೆ ಕತ್ತರಿಸಿ ಮಡಿಸಿ ನಿಲ್ಲಿಸಿದ್ದೇನೆ. ಮುಕ್ಕಾಲು ಭಾಗ ಕೆಲಸ ಮಾಡುತ್ತದೆ. ಈ ಸಲ ಕೊಯ್ಲು ಮುಗಿದ ಮೇಲೆ ಹಿಂದಿನ ಎರಡು ಮೂಲೆಗೂ ಮೂಟೆ ಇಟ್ಟು ನೋಡಬೇಕು. ಅಪ್ಪನಿಗೆ ಈಗಲೇ ಹೇಳಿಟ್ಟಿದ್ದೇನೆ.