ರಾಶಿ ಅಂದರೆ ಗುಡ್ಡೆಯಲ್ಲ: ಅಡಿಕೆ ಮಂಡಿಯ ಏಜೆಂಟ್‌ಗೆ ಟೂಲ್ ವಿವರಣೆ ಬರೆದ ನನ್ನ ಅನುಭವ

ಶಿವಮೊಗ್ಗದ ಒಂದು ಅಡಿಕೆ ಮಂಡಿಗೆ ವಾಟ್ಸಾಪ್ ಏಜೆಂಟ್ (ಮೆಸೇಜಿಗೆ ತಾನೇ ಉತ್ತರ ಕೊಡುವ ಎಐ ಪ್ರೋಗ್ರಾಂ) ಮಾಡಿಕೊಟ್ಟು ಹೆಚ್ಚುಕಮ್ಮಿ ವರ್ಷವಾಯಿತು. ರೈತರು ರೇಟ್ ಕೇಳುತ್ತಾರೆ, ತಮ್ಮ ಲಾಟ್ ಹೋಯಿತಾ ಅಂತ ಕೇಳುತ್ತಾರೆ, ಮುಂಗಡದ ಬಾಕಿ ಕೇಳುತ್ತಾರೆ. ಅಷ್ಟೇ ಕೆಲಸ. ಆದರೂ ಮೊದಲ ಎರಡು ತಿಂಗಳು ಅದು ನನ್ನ ಮಾನ ಕಳೆಯಿತು. 'ದೊಡ್ಡ ಮಾಡೆಲ್ ಹಾಕು' (ಮಾಡೆಲ್ ಅಂದರೆ ಏಜೆಂಟ್‌ನ ತಲೆಯಾಗಿರುವ ಎಐ) ಅಂದ ಬೆಂಗಳೂರಿನ ಗೆಳೆಯ. ಫೈನ್‌ಟ್ಯೂನ್ ಮಾಡದೆ, ಅಂದರೆ ಮಾಡೆಲ್‌ಗೆ ನಮ್ಮ ಮಾಹಿತಿ ಕೊಟ್ಟು ಮತ್ತೆ ತರಬೇತಿ ಮಾಡದೆ ಆಗಲ್ಲ ಅಂದ ಇನ್ನೊಬ್ಬ. ಟೂಲ್ ವಿವರಣೆ ತಿದ್ದುತ್ತೇನೆ ಅಂದಾಗ ಇಬ್ಬರೂ ನಕ್ಕರು. ಟೂಲ್ ಅಂದರೆ ದರ ತೆಗೆಯುವುದು, ಬಾಕಿ ನೋಡುವುದು ಇಂಥ ಒಂದೊಂದು ಕೆಲಸಕ್ಕೆ ಏಜೆಂಟ್ ಕರೆಯುವ ಸಣ್ಣ ಪ್ರೋಗ್ರಾಂ; ಯಾವಾಗ ಯಾವುದನ್ನು ಕರೆಯಬೇಕು ಅಂತ ಮಾಡೆಲ್ ತಿಳಿಯುವುದು ಅದರ ವಿವರಣೆ ಓದಿ. ಈಗ ಅದೇ ಸಣ್ಣ ಮಾಡೆಲ್ ಓಡುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ದೊಡ್ಡ ಮಾಡೆಲ್ ಹಾಕಿಯೂ ನೋಡಿದೆ, ಸುಳ್ಳು ಹೇಳಲ್ಲ. ತಿಂಗಳಿಗೆ 4,000 ಚಿಲ್ಲರೆ ಇದ್ದ ಬಿಲ್ಲು 11,000 ದಾಟಿತು. ತಪ್ಪು ಕಡಿಮೆಯಾಯಿತು, ನಿಲ್ಲಲಿಲ್ಲ. 'ಇದಕ್ಕಿಂತ ಇನ್ನೊಬ್ಬ ಹುಡುಗನ್ನ ಇಟ್ಕೋತೀನಿ ಬಿಡಪ್ಪಾ' ಅಂದರು ಸಾಹುಕಾರರು.

ಮೊದಲ ಎಡವಟ್ಟು ಆಗಿದ್ದು ರಾಶಿಯಿಂದ. ಇಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಎಲ್ಲ ಅಡಿಕೆಯ ದರ್ಜೆಗಳು. ಮಾಡೆಲ್‌ಗೆ ರಾಶಿ ಅಂದರೆ ಗುಡ್ಡೆ, ಸರಕು ಅಂದರೆ ಸಾಮಾನು. 'ಇವತ್ತು ರಾಶಿ ಎಷ್ಟು?' ಅಂತ ಕೇಳಿದವರಿಗೆ ಅದು ದಾಸ್ತಾನಿನ ಟೂಲ್ ಕರೆದು 'ಒಟ್ಟು 212 ಚೀಲ ಇದೆ' ಅಂದಿತು. ಮಂಡಿಯ ದಾಸ್ತಾನು ಊರಿಗೆಲ್ಲ ಹೇಳುವಂಥದ್ದಾ? ಸಾಹುಕಾರರ ಮುಖ ಕೆಂಪಡಿಕೆ ಬಣ್ಣಕ್ಕೆ ತಿರುಗಿತ್ತು.

ತಪ್ಪು ನನ್ನದೇ. ರೇಟ್ ಟೂಲಿಗೆ ನಾನು ಬರೆದಿದ್ದ ವಿವರಣೆ 'ಅಡಿಕೆ ದರ ಕೊಡುತ್ತದೆ', ಮೂರೇ ಪದ. ಈಗ ದರ್ಜೆಯನ್ನು ಈನಮ್ (enum) ಮಾಡಿದ್ದೇನೆ, ಅಂದರೆ ಕೊಟ್ಟ ಪಟ್ಟಿಯಿಂದಲೇ ಒಂದನ್ನು ಆರಿಸಬೇಕು. ರಾಶಿ, ಸರಕು ಪ್ರಮಾಣವಲ್ಲ, ದರ್ಜೆ ಅಂತ ಬಿಡಿಸಿ ಬರೆದಿದ್ದೇನೆ. ಬರುವ ದರ ಕ್ವಿಂಟಾಲಿಗೆ, ಕಿಲೋಗಲ್ಲ. ಇವತ್ತು ವ್ಯಾಪಾರ ಇಲ್ಲದಿದ್ದರೆ ಹಿಂದಿನ ವ್ಯಾಪಾರದ ದರ ಬರುತ್ತದೆ, ತಾರೀಖು ಸೇರಿಸಿ ಹೇಳು ಅಂತಲೂ ಇದೆ. ದಾಸ್ತಾನಿನ ಟೂಲನ್ನು ಕಿತ್ತೇ ಹಾಕಿದೆ. ಕರೆಯಬಾರದ ಟೂಲನ್ನು ಕೈಗೆ ಕೊಟ್ಟು 'ಕರೆಯಬೇಡ' ಅಂತ ಬರೆಯುವುದು ದಡ್ಡತನ.

ಮುಂಗಡದ್ದು ಇದಕ್ಕಿಂತ ಘೋರ. ಒಂದೇ ಟೂಲ್, ವಿವರಣೆ 'ಮುಂಗಡ ನಿರ್ವಹಣೆ'. ಒಬ್ಬರು 'ನನ್ನ ಮುಂಗಡ 20,000 ಅಲ್ವಾ?' ಅಂತ ಕೇಳಿದ್ದಾರೆ. ಇದು ಅವರ ಖಾತೆಗೆ ಹೊಸದಾಗಿ 20,000 ಬರೆದುಬಿಟ್ಟಿತು! ಸಂಜೆ ನಗದು ತಾಳೆ ನೋಡುವಾಗ ಗುಮಾಸ್ತರ ಕಣ್ಣಿಗೆ ಬಿತ್ತು, ಬದುಕಿದೆ. ಬಾಕಿ ನೋಡುವುದನ್ನು, ಹೊಸ ಮುಂಗಡ ಕೇಳುವುದನ್ನು ಎರಡು ಟೂಲ್ ಮಾಡಿದೆ. ಎರಡನೆಯದರ ಮೊದಲ ಸಾಲೇ 'ರೈತರು ಹೊಸದಾಗಿ ಹಣ ಬೇಕು ಎಂದು ಬಾಯಿಬಿಟ್ಟು ಕೇಳಿದರೆ ಮಾತ್ರ. ಈಗಾಗಲೇ ಪಡೆದದ್ದರ ಬಗ್ಗೆ ಕೇಳಿದರೆ ಬಾಕಿ ಟೂಲ್ ಬಳಸು'. ಅದರ ಮೇಲೂ ಗುಮಾಸ್ತರು ಒಪ್ಪದೆ ಖಾತೆಗೆ ಏನೂ ಹೋಗಲ್ಲ.

ದರದ್ದು ಉಲ್ಟಾ ಆಯಿತು. ಇವತ್ತಿನದು, ನಿನ್ನೆಯದು, ವಾರದ್ದು ಅಂತ ಮೂರು ಟೂಲ್ ಇದ್ದವು. ಯಾವುದನ್ನು ಕರೆಯಬೇಕು ಅಂತ ನನಗೇ ಗೊಂದಲ. ತಾರೀಖು ಕೊಟ್ಟರೆ ಸಾಕು ಅಂತ ಒಂದು ಮಾಡಿದೆ. ಒಟ್ಟು 14 ಟೂಲ್ ಇದ್ದದ್ದು ಕೊನೆಗೆ 6ಕ್ಕೆ ಬಂತು.

ದುಡ್ಡು ಜಾಸ್ತಿ ಉಳಿದದ್ದು ಎರರ್ ಮೆಸೇಜಿನಲ್ಲಿ. ಲಾಟ್ ನಂಬರ್ ತಪ್ಪಿದರೆ ಟೂಲ್ ಸುಮ್ನೆ 'ತಪ್ಪು ಇನ್‌ಪುಟ್' ಅನ್ನುತ್ತಿತ್ತು. ಏಜೆಂಟ್ ಅದೇ ನಂಬರ್ ಹಿಡಿದು ಏಳೆಂಟು ಸಲ ಬಾಗಿಲು ಬಡಿಯುತ್ತಿತ್ತು. ಈಗ 'ಈ ಲಾಟ್ ಇಲ್ಲ. ಫೋನ್ ನಂಬರಿನಿಂದ ಅವರ ಲಾಟ್‌ಗಳನ್ನು ತೆಗೆದು, ಯಾವುದು ಎಂದು ಕೇಳು' ಅನ್ನುತ್ತದೆ. ಇನ್ನೊಂದು ನಾಚಿಕೆಗೇಡು ಹೇಳಿಬಿಡುತ್ತೇನೆ: ಇವತ್ತಿನ ತಾರೀಖನ್ನು ಗಂಟೆ, ನಿಮಿಷ ಸಮೇತ ವಿವರಣೆಯೊಳಗೆ ತುರುಕಿದ್ದೆ. ಬದಲಾಗದ ಭಾಗವನ್ನು ನೆನಪಿಟ್ಟು ಕಡಿಮೆ ದುಡ್ಡು ಹಾಕುವ ವ್ಯವಸ್ಥೆಗೆ ಕ್ಯಾಶ್ (cache) ಅನ್ನುತ್ತಾರೆ; ನಿಮಿಷಕ್ಕೊಮ್ಮೆ ಟೂಲ್ ಪಟ್ಟಿ ಬದಲಾದರೆ ಅದು ಎಲ್ಲಿ ಹತ್ತುತ್ತದೆ? ಇವೆರಡನ್ನೂ ತಿದ್ದಿದ ಮೇಲೆ ಬಿಲ್ಲು 2,500ರ ಆಸುಪಾಸಿನಲ್ಲಿದೆ.

ನಡುವೆ ಎಲ್ಲ ವಿವರಣೆಯನ್ನೂ ಕನ್ನಡದಲ್ಲೇ ಬರೆದು ನೋಡಿದೆ, ಅಭಿಮಾನ ನೋಡಿ. ಟೋಕನ್ (ಮಾಡೆಲ್ ಓದುವ ಪದದ ತುಣುಕು, ಬಿಲ್ಲು ಇದರ ಲೆಕ್ಕದಲ್ಲೇ) ದುಪ್ಪಟ್ಟಿಗಿಂತ ಜಾಸ್ತಿಯಾಯಿತು, ಟೂಲ್ ಆಯ್ಕೆಯಲ್ಲಿ ಏನೂ ಸುಧಾರಿಸಲಿಲ್ಲ. ಈಗ ವಿವರಣೆ ಇಂಗ್ಲಿಷ್, ಮಂಡಿಯ ಪದಗಳು ಮಾತ್ರ ಕನ್ನಡ ಲಿಪಿಯಲ್ಲಿ. ಮಾಡೆಲ್‌ಗೇ 'ನೀನೇ ಬರಿ' ಅಂದೂ ನೋಡಿದೆ. ಮದುವೆ ಕರೆಯೋಲೆ ಥರ ಪುಟಗಟ್ಟಲೆ ಬರೆಯಿತು. ಮುಕ್ಕಾಲು ಪಾಲು ಕತ್ತರಿಸಿದೆ.

ಪರೀಕ್ಷೆಗೆ ಗುಮಾಸ್ತರ ಫೋನಿನಲ್ಲಿದ್ದ ಹಳೆಯ ಪ್ರಶ್ನೆಗಳನ್ನೇ ತೆಗೆದುಕೊಂಡೆ, ಸುಮಾರು 180. ಮೊದಲು 110 ಸರಿ ಬರುತ್ತಿದ್ದವು, ಈಗ 170ರ ಮೇಲೆ. ಆ 180ನ್ನು ಹೇಗೆ ಆರಿಸಿದೆ, ಪ್ರತಿ ವಿವರಣೆಯ ಕೊನೆಗೆ ಯಾವ ಒಂದು ಸಾಲು ಹಾಕುತ್ತೇನೆ ಅನ್ನೋದು ಮಾತ್ರ ಇಲ್ಲಿ ಹೇಳಲ್ಲ. ಇನ್ನೂ ಎರಡು ಮಂಡಿಯ ಕೆಲಸ ಬರುವುದಿದೆ.

ಅದರಲ್ಲೊಂದು ಶಿರಸಿಯದು. ಅಲ್ಲಿ ಚಾಲಿ, ಬಿಳೆಗೋಟು, ತಟ್ಟಿಬೆಟ್ಟೆ ಎಲ್ಲ ಸೇರಿಸಬೇಕು, ಅದು ಸುಲಭ. ಆದರೆ ಆ ಕಡೆಯ ಮಾತಿನಲ್ಲಿ ರಾಶಿ ಅಂದರೆ 'ತುಂಬಾ' ಅಂತಲೂ ಹೌದು. ಮೊನ್ನೆ ಟೆಸ್ಟಿಗೆ ಅಂತ ಅವರು ಕಳಿಸಿದ ಮೊದಲ ಪ್ರಶ್ನೆಯೇ 'ರಾಶಿ ರೇಟು ರಾಶಿ ಕಡಿಮೆ ಆಯ್ತಾ?'