ಹೆಣೆದ ಟೋಪಿಗೆ ದಟ್ಟವಾದ ದೊಡ್ಡ ಪಾಂಪಾಮ್ ಮಾಡುವ ಬಗೆ

ಟೋಪಿಯ ನೆತ್ತಿಯ ಮೇಲಿನ ಪಾಂಪಾಮ್ (ನೂಲಿನ ಚೆಂಡು) ಸೊರಗಿದಂತೆ ಕಂಡರೆ, ಎಳೆಗಳ ನಡುವಿನಿಂದ ಗಂಟು ಇಣುಕಿದರೆ, ಅದಕ್ಕೆ ಕಾರಣ ಸಾಮಾನ್ಯವಾಗಿ ನೂಲಿನ ಕೊರತೆಯೇ ಆಗಿರುತ್ತದೆ. ದೊಡ್ಡ ಅಚ್ಚಿಗೆ ಕೈಬಿಗಿ ಹಿಡಿದು ಸುತ್ತುವುದಕ್ಕಿಂತ ಚಿಕ್ಕ ಅಚ್ಚಿಗೆ ಧಾರಾಳವಾಗಿ ಸುತ್ತುವುದು ಮೇಲು. ಸುಮಾರು 8 ಸೆಂ.ಮೀ. ವ್ಯಾಸದ ತುಂಬು ಪಾಂಪಾಮ್‌ಗಾಗಿ 50 ಗ್ರಾಂ ಉಂಡೆಯಲ್ಲಿ ಅರ್ಧದಷ್ಟನ್ನಾದರೂ ಟೋಪಿ ಹೆಣೆಯಲು ಆರಂಭಿಸುವ ಮೊದಲೇ ತೆಗೆದಿರಿಸಿಕೊಳ್ಳುವುದು ಒಳ್ಳೆಯದು. ತೀರಾ ದಪ್ಪ ನೂಲಿಗಿಂತ ಮಧ್ಯಮ ಅಥವಾ ತೆಳು ನೂಲಿನಲ್ಲಿ ಮೇಲ್ಮೈ ಹೆಚ್ಚು ಒತ್ತಾಗಿ, ನುಣುಪಾಗಿ ಬರುತ್ತದೆ.

ಅಚ್ಚಿಗಾಗಿ ಗಟ್ಟಿ ರಟ್ಟಿನಲ್ಲಿ 11 ಸೆಂ.ಮೀ. ವ್ಯಾಸದ ಎರಡು ಬಿಲ್ಲೆಗಳನ್ನು ಕತ್ತರಿಸಿ, ನಡುವೆ ವ್ಯಾಸದ ಮೂರನೇ ಒಂದು ಭಾಗದಷ್ಟು ಅಗಲದ ತೂತು ಮಾಡಬೇಕು. ತೂತಿನ ಅಂಚಿನಿಂದ ಹೊರ ಅಂಚಿಗಿರುವ ದೂರವೇ ಮುಂದೆ ಎಳೆಯ ಉದ್ದವಾಗುವುದರಿಂದ, ತೂತು ಅತಿ ದೊಡ್ಡದಾದರೆ ಎಳೆಗಳು ಗಿಡ್ಡವಾಗುತ್ತವೆ. ಅತಿ ಚಿಕ್ಕದಾದರೆ ಸಾಕಷ್ಟು ನೂಲು ಹಿಡಿಯುವುದಿಲ್ಲ. ಎರಡೂ ಬಿಲ್ಲೆಗಳಲ್ಲಿ ಹೊರ ಅಂಚಿನಿಂದ ತೂತಿನವರೆಗೆ ಒಂದೇ ಕಡೆ ಕಿರಿದಾದ ಸೀಳು ಬಿಟ್ಟರೆ, ಪ್ರತಿ ಸುತ್ತಿಗೂ ನೂಲನ್ನು ತೂತಿನೊಳಗೆ ತೂರಿಸುವ ಬೇಸರದ ಕೆಲಸ ತಪ್ಪುತ್ತದೆ.

ಬಿಲ್ಲೆಗಳನ್ನು ಒಂದರ ಮೇಲೊಂದಿಟ್ಟು, ಎರಡು ಮೂರು ಎಳೆಗಳನ್ನು ಜೊತೆಯಾಗಿ ಹಿಡಿದು ಪದರ ಪದರವಾಗಿ ಸುತ್ತುತ್ತಾ ಹೋಗಿ. ನೂಲನ್ನು ಜಗ್ಗಬಾರದು, ಜಗ್ಗಿದರೆ ರಟ್ಟು ಬಾಗುತ್ತದೆ. ಇಷ್ಟು ಸಾಕು ಎಂದು ಮೊದಲ ಬಾರಿ ಅನ್ನಿಸಿದಾಗ ಕೆಲಸ ಬಹುಶಃ ಅರ್ಧವಷ್ಟೇ ಆಗಿರುತ್ತದೆ. ತೂತು ಬಹುತೇಕ ಮುಚ್ಚಿಹೋಗುವವರೆಗೂ ನಿಲ್ಲಿಸಬೇಡಿ.

ಕಟ್ಟುವ ದಾರವನ್ನು ಮೊದಲೇ ಸಿದ್ಧಪಡಿಸಿಟ್ಟುಕೊಂಡು ಆಮೇಲೆ ಕತ್ತರಿ ಹಿಡಿಯಿರಿ. ಹೆಣಿಗೆಯ ನೂಲು ಬಿಗಿದೆಳೆದಾಗ ಕಡಿದುಹೋಗುವ ಸಂಭವವಿರುವುದರಿಂದ ಈ ಕೆಲಸಕ್ಕೆ ಮೇಣ ಹಚ್ಚಿದ ಹತ್ತಿ ದಾರ ಅಥವಾ ನೈಲಾನ್ ದಾರವೇ ಸೂಕ್ತ. ಎರಡು ಬಿಲ್ಲೆಗಳ ನಡುವೆ ಕತ್ತರಿಯ ತುದಿ ತೂರಿಸಿ ಹೊರ ಅಂಚಿನುದ್ದಕ್ಕೂ ನೂಲನ್ನು ಕತ್ತರಿಸುವಾಗ, ಇನ್ನೊಂದು ಕೈ ನಡುಭಾಗವನ್ನು ಒತ್ತಿ ಹಿಡಿದಿರಬೇಕು. ಬಳಿಕ ದಾರವನ್ನು ಬಿಲ್ಲೆಗಳ ನಡುವೆ ಎರಡು ಸುತ್ತು ತಂದು, ಮೊದಲ ಗಂಟಿನಲ್ಲಿ ತುದಿಯನ್ನು ಒಂದರ ಬದಲು ಎರಡು ಬಾರಿ ಹೊರಳಿಸಿ ಎಳೆಯಿರಿ. ಹೀಗೆ ಹೊರಳಿಸಿದ ಗಂಟು ಸುಲಭವಾಗಿ ಸಡಿಲಗೊಳ್ಳುವುದಿಲ್ಲ. ಎದುರು ಬದಿಯಲ್ಲಿ ಇನ್ನೊಂದು ಗಂಟು ಹಾಕಿ, ದಾರದ ತುದಿಗಳನ್ನು 25 ಸೆಂ.ಮೀ.ನಷ್ಟು ಉದ್ದ ಉಳಿಸಿ. ಸುತ್ತು ಎಷ್ಟೇ ಹೆಚ್ಚಿರಲಿ, ಈ ಕಟ್ಟು ಸಡಿಲವಾದರೆ ಎಳೆಗಳು ಒಂದೊಂದಾಗಿ ಉದುರುತ್ತವೆ.

ರಟ್ಟು ತೆಗೆದ ಕೂಡಲೇ ಕಾಣುವುದು ಕೆದರಿದ, ಅಂಕುಡೊಂಕಾದ ಮುದ್ದೆ. ಉಣ್ಣೆಯ ನೂಲಾದರೆ ಕುದಿಯುವ ನೀರಿನ ಹಬೆಗೆ ಸ್ವಲ್ಪ ಹೊತ್ತು ಇಕ್ಕಳದಲ್ಲಿ ಹಿಡಿದು ಕೊಡವಿದರೆ ಎಳೆಗಳು ಅರಳಿ ಹರಡಿಕೊಳ್ಳುತ್ತವೆ; ಅಕ್ರಿಲಿಕ್ ಬಿಸಿಗೆ ಮೆತ್ತಗಾಗಿ ಜೋತುಬೀಳುವುದರಿಂದ ಅದಕ್ಕೆ ಹಬೆ ಬೇಡ. ಮುಂದೆ ಹರಿತವಾದ ಕತ್ತರಿಯಿಂದ, ಚೆಂಡನ್ನು ತಿರುಗಿಸುತ್ತಾ ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತಾ ದುಂಡಗೆ ಮಾಡಬೇಕು. 8 ಸೆಂ.ಮೀ. ವ್ಯಾಸದ ರಟ್ಟಿನ ತುಂಡುಗಳೆರಡರ ನಡುವೆ ಚೆಂಡನ್ನು ಒತ್ತಿ ಹಿಡಿದು, ಹೊರಚಾಚಿದ್ದನ್ನೆಲ್ಲ ಕತ್ತರಿಸಿ, ದಿಕ್ಕು ಬದಲಿಸಿ ಅದನ್ನೇ ಮಾಡಿದರೆ ಕಣ್ಣಳತೆಯ ಹಂಗಿಲ್ಲ. ಕೆಳಗೆ ಬೀಳುವ ನೂಲಿನ ರಾಶಿ ಕಂಡು ಕೈ ಹಿಂದೆಗೆಯುವವರೇ ಹೆಚ್ಚು, ಆದರೆ ಉದ್ದ ಎಳೆಗಳನ್ನು ಚೆನ್ನಾಗಿ ಮೋಟು ಮಾಡಿದಷ್ಟೂ ಚೆಂಡು ದಟ್ಟವಾಗುತ್ತದೆ. ಕಟ್ಟಿದ ದಾರದ ತುದಿಗಳಿಗೆ ಮಾತ್ರ ಕತ್ತರಿ ತಾಗದಿರಲಿ.

ತೆಳುವಾದ, ಸಡಿಲ ಹೆಣಿಗೆಯ ಟೋಪಿಯನ್ನು ಇಷ್ಟು ದೊಡ್ಡ ಚೆಂಡಿನ ಭಾರ ಒಂದು ಕಡೆಗೆ ಜಗ್ಗುತ್ತದೆ. ಅದಕ್ಕೆ 5 ಸೆಂ.ಮೀ.ನದೇ ಸಾಕು. ಜೋಡಿಸುವಾಗ ದಾರದ ಎರಡು ತುದಿಗಳನ್ನು ಸೂಜಿಯಿಂದ ನೆತ್ತಿಯ ಒಳಕ್ಕೆ ಇಳಿಸಿ, ಒಳಗಡೆ ಒಂದು ಗುಂಡಿಯ ತೂತುಗಳಲ್ಲಿ ಹಾಯಿಸಿ, ಬಿಚ್ಚಲು ಬರುವಂತೆ ಜಾರುಗಂಟು ಹಾಕಿ. ಟೋಪಿ ಒಗೆಯುವ ಮೊದಲು ಪಾಂಪಾಮ್ ಅನ್ನು ತೆಗೆದಿಡಬಹುದು.